ಎದುರಿಗಿರುವ ಸರ್ವರ್ ಅಸಲಿಯೇ? ಎಸ್‌ಎಸ್‌ಎಚ್‌ನಲ್ಲಿ ಗುರುತು ಪರೀಕ್ಷಿಸುವ ದಾರಿಗಳು, ಯಾರಿಗೆ ಯಾವುದು

ಎಸ್‌ಎಸ್‌ಎಚ್ ಎಂದರೆ ದೂರದ ಯಂತ್ರಕ್ಕೆ ಗೂಢಲಿಪಿಯ ಸಂಪರ್ಕದಲ್ಲಿ ಲಾಗಿನ್ ಆಗುವ ಸಾಧನ. ಹೊಸ ಸರ್ವರಿಗೆ ಮೊದಲ ಸಲ ಎಸ್‌ಎಸ್‌ಎಚ್ ಮಾಡಿದಾಗ ಟರ್ಮಿನಲ್ ಒಂದು ಪ್ರಶ್ನೆ ಕೇಳಿ ನಿಲ್ಲುತ್ತದೆ. ಈ ಹೋಸ್ಟ್ ಅಸಲಿಯೋ ಅಲ್ಲವೋ ನನಗೆ ಗೊತ್ತಾಗುತ್ತಿಲ್ಲ, ಇದರ ಕೀಯ ಫಿಂಗರ್‌ಪ್ರಿಂಟ್ ಹೀಗಿದೆ, ಮುಂದುವರಿಯಲೇ? ಫಿಂಗರ್‌ಪ್ರಿಂಟ್ ಎಂದರೆ ಸರ್ವರಿನ ಕೀಯನ್ನು ಗುರುತಿಸುವ ಚಿಕ್ಕ ಅಕ್ಷರಮಾಲೆ. ಬಹುಪಾಲು ಜನ ಆ ಅಕ್ಷರಗಳ ಸಾಲಿನ ಮೇಲೆ ಕಣ್ಣೂ ಹಾಯಿಸದೆ ಯಸ್ ಎಂದು ಟೈಪ್ ಮಾಡಿ ಮುಂದೆ ಹೋಗುತ್ತಾರೆ. ಇದು ಬರೀ ಸೋಮಾರಿತನವಲ್ಲ. ಸರಿಯಾಗಿ ಉತ್ತರಿಸಲು ಬೇಕಾದ ಮಾಹಿತಿಯೇ ಆ ಹೊತ್ತಿನಲ್ಲಿ ಅವರ ಬಳಿ ಇರುವುದಿಲ್ಲ. ಯಾವುದರ ಜೊತೆ ಹೋಲಿಸಿ ನೋಡಬೇಕು?

ಆ ಮಾಹಿತಿಯನ್ನು ತರಲು ನಾಲ್ಕೈದು ದಾರಿಗಳಿವೆ. ಇವನ್ನು 'ಕಡಿಮೆ ಸುರಕ್ಷಿತ'ದಿಂದ 'ಅತಿ ಸುರಕ್ಷಿತ'ದವರೆಗೆ ಸಾಲಾಗಿ ಜೋಡಿಸಿ, ಕೊನೆಯದನ್ನು ಆರಿಸಿಕೊಳ್ಳಿ ಎನ್ನುವ ಬರಹಗಳು ಬೇಕಾದಷ್ಟಿವೆ. ನನಗೆ ಆ ರೀತಿ ಒಪ್ಪಿಗೆಯಿಲ್ಲ. ನಿಮ್ಮ ಬಳಿ ಎಷ್ಟು ಯಂತ್ರಗಳಿವೆ, ಅವು ಎಷ್ಟು ಬೇಗ ಹುಟ್ಟಿ ಸಾಯುತ್ತವೆ ಎಂಬುದನ್ನು ಬಿಟ್ಟು ಈ ಆಯ್ಕೆ ಮಾಡಲಾಗದು. ಪ್ರತಿ ದಾರಿಗೂ ಎರಡು ಪ್ರಶ್ನೆ ಕೇಳಬೇಕು. ಮೊದಲ ಪರಿಚಯದಲ್ಲಿ ಯಾರ ಮಾತನ್ನು ನಂಬುತ್ತೀರಿ? ಕೀ ಬದಲಾದ ದಿನ ಅದು ನ್ಯಾಯವಾದ ಬದಲಾವಣೆ ಎಂದು ನಿಮಗೆ ಯಾರು ಹೇಳುತ್ತಾರೆ? ಮೊದಲನೆಯದರ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ವ್ಯವಸ್ಥೆ ಕುಸಿಯುವುದು ಸಾಮಾನ್ಯವಾಗಿ ಎರಡನೆಯದರಲ್ಲಿ.

ಪರೀಕ್ಷೆ ನಡೆಯುವುದು ಹೇಗೆ, ತಪ್ಪಿದರೆ ಹೋಗುವುದೇನು

1995ರಲ್ಲಿ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದ ನೆಟ್‌ವರ್ಕ್‌ನಲ್ಲಿ ಯಾರೋ ಪಾಸ್‌ವರ್ಡ್‌ಗಳನ್ನು ಕದ್ದು ಕೇಳಿಸಿಕೊಂಡ ನಂತರ ತಾತು ಯ್ಲೋನೆನ್ ಎಸ್‌ಎಸ್‌ಎಚ್ ಬರೆದರು. ಅದಕ್ಕೆ ಮುಂಚಿನ ಟೆಲ್‌ನೆಟ್, ಆರ್‌ಲಾಗಿನ್‌ಗಳಲ್ಲಿ ಎದುರಿಗಿರುವ ಯಂತ್ರ ಯಾವುದು ಎಂದು ಸಾಬೀತು ಮಾಡುವ ಉಪಾಯವೇ ಇರಲಿಲ್ಲ. ಎಸ್‌ಎಸ್‌ಎಚ್ ಪ್ರತಿ ಸರ್ವರಿಗೂ ಒಂದು ಹೋಸ್ಟ್ ಕೀ ಜೋಡಿ ಕೊಟ್ಟಿತು. ಖಾಸಗಿ ಅರ್ಧ ಸರ್ವರಿನಲ್ಲೇ ಉಳಿಯುತ್ತದೆ, ಸಾರ್ವಜನಿಕ ಅರ್ಧ ಸಂಪರ್ಕಕ್ಕೆ ಬಂದವರಿಗೆಲ್ಲ ಸಿಗುತ್ತದೆ. ಸಂಪರ್ಕ ಶುರುವಾದಾಗ ಎರಡೂ ಕಡೆಯವರು ಸೇರಿ ಒಂದು ಗುಟ್ಟಿನ ಸಂಖ್ಯೆ ಹುಟ್ಟಿಸುತ್ತಾರೆ. ಆ ಸಂಖ್ಯೆ, ಅಲ್ಲಿಯವರೆಗಿನ ಮಾತುಕತೆ ಮತ್ತು ಹೋಸ್ಟ್ ಕೀಯನ್ನು ಒಟ್ಟಿಗೆ ಹ್ಯಾಶ್ ಮಾಡಿ (ಅಂದರೆ ಎಲ್ಲವನ್ನೂ ಒಂದು ಚಿಕ್ಕ ಗುರುತುಸಂಖ್ಯೆಗೆ ಇಳಿಸಿ), ಬಂದ ಹ್ಯಾಶಿಗೆ ಸರ್ವರ್ ತನ್ನ ಖಾಸಗಿ ಕೀಯಿಂದ ಸಹಿ ಹಾಕುತ್ತದೆ. ಈ ಸಹಿ ಹೊಂದಿದರೆ, ಎದುರಿಗಿರುವವರ ಬಳಿ ಆ ಕೀಯ ಖಾಸಗಿ ಅರ್ಧ ಇದೆ ಎಂಬುದು ಖಚಿತ. ಆದರೆ ಆ ಕೀ ನಿಮಗೆ ಬೇಕಾದ ಸರ್ವರಿನದೇ ಎಂದು ಗಣಿತ ಹೇಳಲಾರದು. ಈ ಲೇಖನವೆಲ್ಲ ಆ ಒಂದು ಕೊಂಡಿಯ ಬಗ್ಗೆ.

ಕೊಂಡಿ ತಪ್ಪಿದರೆ ಆಗುವ ನಷ್ಟ ಎಲ್ಲರಿಗೂ ಒಂದೇ ಅಲ್ಲ, ಮತ್ತು ಇದನ್ನು ತಿಳಿದರೆ ಆಯ್ಕೆ ಅರ್ಧ ಸುಲಭವಾಗುತ್ತದೆ. ನೀವು ಪಾಸ್‌ವರ್ಡ್‌ನಿಂದ ಲಾಗಿನ್ ಆಗುವವರಾದರೆ ನಡುವೆ ಕೂತವನಿಗೆ ಹಬ್ಬ: ಪಾಸ್‌ವರ್ಡ್ ಅವನ ಕೈಗೆ ಹಾಗೇ ಬೀಳುತ್ತದೆ, ಅದೇ ಪಾಸ್‌ವರ್ಡಿನಿಂದ ಅವನು ಅಸಲಿ ಸರ್ವರಿಗೂ ಹೋಗಬಹುದು. ಪಬ್ಲಿಕ್ ಕೀ ಲಾಗಿನ್ ಬಳಸುವವರಿಗೆ ಒಂದು ದೊಡ್ಡ ರಕ್ಷೆ ಇದೆ. ನಿಮ್ಮ ಸಹಿ ಆ ಸಂಪರ್ಕದ ಹ್ಯಾಶಿಗೇ ಕಟ್ಟಿಕೊಂಡಿರುತ್ತದೆ, ಆ ಹ್ಯಾಶಿನೊಳಗೆ ನಕಲಿ ಸರ್ವರಿನ ಕೀಯೂ ಸೇರಿದೆ. ಹಾಗಾಗಿ ಅದನ್ನು ಎತ್ತಿಕೊಂಡು ಅಸಲಿ ಸರ್ವರಿಗೆ ತೋರಿಸಿದರೆ ನಡೆಯುವುದಿಲ್ಲ. ಆದರೂ ಅವನು ಅಸಲಿ ಸರ್ವರಿನ ವೇಷ ಹಾಕಿ ನಿಮ್ಮನ್ನು ಒಳಗೆ ಕರೆದುಕೊಳ್ಳಬಹುದು, ನೀವು ಸುಡೋಗೆ (ಆಡಳಿತಗಾರನ ಅಧಿಕಾರ ಕೇಳುವ ಕಮಾಂಡಿಗೆ) ಕೊಡುವ ಪಾಸ್‌ವರ್ಡ್ ಕೇಳಿಸಿಕೊಳ್ಳಬಹುದು, ನೀವು ಕಳಿಸುವ ಫೈಲುಗಳನ್ನು ಇಟ್ಟುಕೊಳ್ಳಬಹುದು. ಏಜೆಂಟ್ ಫಾರ್ವರ್ಡಿಂಗ್ (ನಿಮ್ಮ ಕೀ ಹಿಡಿದಿರುವ ಏಜೆಂಟ್ ಪ್ರೋಗ್ರಾಮನ್ನು ಎದುರಿನ ಸರ್ವರಿನಿಂದಲೂ ಬಳಸಲು ಬಿಡುವ ಸೌಲಭ್ಯ) ಆನ್ ಇದ್ದರಂತೂ ನಿಮ್ಮ ಏಜೆಂಟಿನಿಂದಲೇ ಸಹಿ ಹಾಕಿಸಿಕೊಂಡು ಬೇರೆ ಸರ್ವರುಗಳಿಗೆ ನುಗ್ಗಬಹುದು. ಆದ್ದರಿಂದ ಕೆಳಗಿನ ಯಾವ ದಾರಿ ಹಿಡಿದರೂ ಪಾಸ್‌ವರ್ಡ್ ಲಾಗಿನ್ ಮುಚ್ಚಿ, ಏಜೆಂಟ್ ಫಾರ್ವರ್ಡಿಂಗ್ ಬದಲು, ನಡುವಿನ ಸರ್ವರನ್ನು ಬರೀ ದಾರಿಯಾಗಿ ಬಳಸುವ ಪ್ರಾಕ್ಸಿಜಂಪ್ ಬಳಸಿ. ಹೋಸ್ಟ್ ಕೀ ಪರೀಕ್ಷೆ ಎಂದೋ ಒಮ್ಮೆ ಸೋತರೂ ನಷ್ಟ ಚಿಕ್ಕದಾಗಿ ಉಳಿಯುತ್ತದೆ.

ಮೊದಲ ನೋಟದ ನಂಬಿಕೆ

ಹೆಚ್ಚು ಬಳಕೆಯಲ್ಲಿರುವ ಎಸ್‌ಎಸ್‌ಎಚ್ ಪ್ರೋಗ್ರಾಮ್ ಆದ ಓಪನ್‌ಎಸ್‌ಎಸ್‌ಎಚ್ ಅನ್ನು ಏನೂ ಬದಲಿಸದೆ ಬಳಸುವವರೆಲ್ಲ ಇರುವುದು ಇಲ್ಲೇ. ಮೊದಲ ಸಲ ಬಂದ ಕೀಯನ್ನು ನಂಬಿ, ಹೋಮ್ ಫೋಲ್ಡರಿನ ನೋನ್-ಹೋಸ್ಟ್ಸ್ ಫೈಲಿನಲ್ಲಿ ಬರೆದುಕೊಂಡು, ಮುಂದಿನ ಸಲದಿಂದ ಅದೇ ಬರುತ್ತದೆಯೇ ಎಂದು ನೋಡುವುದು. ವಿಂಡೋಸಿನ ಪುಟ್ಟಿ ಇದನ್ನೇ ರಿಜಿಸ್ಟ್ರಿಯಲ್ಲಿ ಮಾಡುತ್ತದೆ.

ಪಂಡಿತರು ಇದನ್ನು ಹಗುರವಾಗಿ ಕಾಣುತ್ತಾರೆ. ನನ್ನ ಲೆಕ್ಕದಲ್ಲಿ ಇದು ತುಂಬಾ ಒಳ್ಳೆಯ ವ್ಯಾಪಾರ. ದಾಳಿಕೋರ ನಿಮ್ಮ ಮೊದಲ ಸಂಪರ್ಕದ ಗಳಿಗೆಯಲ್ಲೇ ದಾರಿಯಲ್ಲಿ ಕೂತಿರಬೇಕು, ಆಮೇಲೂ ಪ್ರತಿ ಸಲ ಅಲ್ಲೇ ಕೂತಿರಬೇಕು. ಒಂದು ದಿನ ಎದ್ದು ಹೋದರೂ ಅಸಲಿ ಕೀ ಎದುರಾಗಿ ಎಚ್ಚರಿಕೆ ಬರುತ್ತದೆ. ಮನೆಯಿಂದ ಒಂದೆರಡು ವಿಪಿಎಸ್ (ಬಾಡಿಗೆಯ ವರ್ಚುವಲ್ ಸರ್ವರ್) ನೋಡಿಕೊಳ್ಳುವವರಿಗೆ ಇಷ್ಟು ಸಾಕಾಗುವುದೇ ಹೆಚ್ಚು.

ಸೋಲುವುದು ಎರಡನೇ ಪ್ರಶ್ನೆಯಲ್ಲಿ. ಸರ್ವರಿಗೆ ಹೊಸದಾಗಿ ಉಬುಂಟು ಹಾಕಿದರು, ಹೊಸ ಕೀ ಹುಟ್ಟಿತು. ಕ್ಲೌಡಿನಲ್ಲಿ ಹಳೆಯ ಯಂತ್ರ ಅಳಿಸಿ ಹೊಸದು ಎಬ್ಬಿಸಿದರು, ಅದೇ ಐಪಿ ವಿಳಾಸ ಬಂತು. ಒಂದೇ ಹೆಸರಿನ ಹಿಂದೆ ಲೋಡ್ ಬ್ಯಾಲೆನ್ಸರ್ ಇಟ್ಟು ಎರಡು ಯಂತ್ರ ನಿಲ್ಲಿಸಿದರು. ಇವೆಲ್ಲದರಲ್ಲೂ ಪರದೆ ತುಂಬ ಅದೇ ದೊಡ್ಡಕ್ಷರದ ಎಚ್ಚರಿಕೆ. ಯಾರೋ ಕೆಟ್ಟ ಕೆಲಸ ಮಾಡುತ್ತಿರಬಹುದು ಎಂದು ಅದು ಕೂಗುತ್ತದೆ, ಹತ್ತರಲ್ಲಿ ಹತ್ತು ಸಲವೂ ಯಾರೂ ಮಾಡುತ್ತಿರುವುದಿಲ್ಲ. ಹೀಗೆ ತರಬೇತಿ ಪಡೆದ ಕೈ ಆ ಸಾಲನ್ನು ಅಳಿಸಿ ಮತ್ತೆ ಯಸ್ ಎನ್ನುವುದನ್ನು ಕಲಿಯುತ್ತದೆ. ಹನ್ನೊಂದನೆಯ ಸಲ ನಿಜವಾದ ದಾಳಿ ಬಂದರೂ ಕೈ ಮಾಡುವುದು ಅದನ್ನೇ.

ಇಲ್ಲಿ ಸ್ಟ್ರಿಕ್ಟ್‌ಹೋಸ್ಟ್‌ಕೀಚೆಕಿಂಗ್ ಎಂಬ ಸೆಟ್ಟಿಂಗಿನ ನಾಲ್ಕು ಬೆಲೆಗಳ ವ್ಯತ್ಯಾಸ ತಿಳಿದಿರಬೇಕು. 'ಆಸ್ಕ್' ಮೂಲ ಸ್ಥಿತಿ, ಕೇಳಿ ಮುಂದುವರಿಯುತ್ತದೆ. 'ಯಸ್' ಎಂದರೆ ಫೈಲಿನಲ್ಲಿ ಇಲ್ಲದ ಸರ್ವರಿಗೆ ಪ್ರವೇಶವೇ ಇಲ್ಲ. 2017ರ ಓಪನ್‌ಎಸ್‌ಎಸ್‌ಎಚ್ 7.6 ಆವೃತ್ತಿಯಲ್ಲಿ ಬಂದ 'ಅಕ್ಸೆಪ್ಟ್-ನ್ಯೂ' ಹೊಸ ಸರ್ವರನ್ನು ಕೇಳದೆ ಬರೆದುಕೊಳ್ಳುತ್ತದೆ, ಆದರೆ ಹಳೆಯ ಸರ್ವರಿನ ಕೀ ಬದಲಾಗಿದ್ದರೆ ನಿಲ್ಲಿಸಿಬಿಡುತ್ತದೆ. ಹೇಗಿದ್ದರೂ ನೋಡದೆ ಯಸ್ ಒತ್ತುವವರು ಪ್ರಾಮಾಣಿಕವಾಗಿ ಇದನ್ನೇ ಹಾಕಿಕೊಳ್ಳಬಹುದು: ಕಳೆದುಕೊಳ್ಳುವುದು ಏನೂ ಇಲ್ಲ, ಬದಲಾದ ಕೀಯನ್ನು ಇದೂ 'ಆಸ್ಕ್'ನಂತೆಯೇ ತಡೆಯುತ್ತದೆ. ಸ್ಕ್ರಿಪ್ಟುಗಳಲ್ಲಿ ಜನ ಹಾಕುವ 'ನೋ'ಗಿಂತ ಇದು ಎಷ್ಟೋ ಮೇಲು.

ಆ 'ನೋ' ಕೂಡ ಜನ ತಿಳಿದಷ್ಟು ಕೆಟ್ಟದ್ದಲ್ಲ ಎಂಬುದು ತಮಾಷೆ. ಕೀ ಬದಲಾಗಿದ್ದರೆ ಅದು ಎಚ್ಚರಿಕೆ ತೋರಿಸಿ ಸಂಪರ್ಕ ಬೆಳೆಸುತ್ತದೆ, ಆದರೆ ಪಾಸ್‌ವರ್ಡ್ ಲಾಗಿನ್ ಮತ್ತು ಏಜೆಂಟ್ ಫಾರ್ವರ್ಡಿಂಗನ್ನು ತಾನಾಗಿ ಮುಚ್ಚಿಡುತ್ತದೆ. ಈ ಎಚ್ಚರಿಕೆಯ ಸಾಲುಗಳೂ ಬೇಡವೆಂದು ಜನ ಇನ್ನೊಂದು ಹೆಜ್ಜೆ ಹೋಗಿ ನೋನ್-ಹೋಸ್ಟ್ಸ್ ಫೈಲನ್ನು ಬರೆದದ್ದನ್ನೆಲ್ಲ ಎಸೆದುಬಿಡುವ ಡೆವ್-ನಲ್ ಕಡೆ ತಿರುಗಿಸುತ್ತಾರೆ. ಅಲ್ಲಿಗೆ ಮುಗಿಯಿತು. ಪ್ರತಿ ಸಂಪರ್ಕವೂ ಮೊದಲ ಸಂಪರ್ಕ, ಬದಲಾಗಿದೆ ಎನ್ನಲು ಹಿಂದಿನ ನೆನಪೇ ಇಲ್ಲ, ಉಳಿದಿದ್ದ ರಕ್ಷೆಯೂ ಇಲ್ಲ. ಅಂತರ್ಜಾಲದಲ್ಲಿ ಸಿಗುವ ಆನ್ಸಿಬಲ್ (ಹಲವು ಸರ್ವರುಗಳನ್ನು ಒಟ್ಟಿಗೆ ಸಜ್ಜುಗೊಳಿಸುವ ಸಾಧನ) ಮತ್ತು ಸಿಐ (ಕೋಡನ್ನು ತಾನಾಗಿ ಬಿಲ್ಡ್ ಮಾಡುವ ವ್ಯವಸ್ಥೆ) ಉದಾಹರಣೆಗಳಲ್ಲಿ ಈ ಎರಡು ಸಾಲು ಜೋಡಿಯಾಗಿಯೇ ಬರುತ್ತವೆ. ಕಾಪಿ ಮಾಡುವ ಮುನ್ನ ಎರಡನೆಯ ಸಾಲನ್ನಾದರೂ ತೆಗೆಯಿರಿ.

ಫಿಂಗರ್‌ಪ್ರಿಂಟನ್ನು ನಿಜವಾಗಿ ಹೋಲಿಸುವುದು

ಮೇಲಿನ ದಾರಿಗೇ ಒಂದು ಸಲದ ಪ್ರಾಮಾಣಿಕ ಕೆಲಸ ಸೇರಿಸಿದರೆ ಇದಾಗುತ್ತದೆ. ಬೇರೆ ದಾರಿಯಿಂದ ಫಿಂಗರ್‌ಪ್ರಿಂಟ್ ತಂದು ಪರದೆಯಲ್ಲಿ ಕಾಣುವುದರ ಜೊತೆ ನೋಡುವುದು. 'ಬೇರೆ ದಾರಿ' ಎಂಬುದೇ ಇದರ ಜೀವ. ವಿಪಿಎಸ್ ಕೊಡುವವರ ವೆಬ್ ಕನ್ಸೋಲಿಗೆ ಹೋಗಿ ಯಂತ್ರದ ಒಳಗೇ ಎಸ್‌ಎಸ್‌ಎಚ್-ಕೀಜೆನ್ ಎಂಬ, ಕೀ ಹುಟ್ಟಿಸುವ ಮತ್ತು ಓದುವ ಕಮಾಂಡ್ ಓಡಿಸಿ ಫಿಂಗರ್‌ಪ್ರಿಂಟ್ ಓದಿಕೊಳ್ಳಬಹುದು. ಅಮೆಜಾನಿನ ಇಸಿ2ನಲ್ಲಿ ಮೊದಲ ಬೂಟ್ ಹೊತ್ತಿಗೆ ಕ್ಲೌಡ್-ಇನಿಟ್ ಎಂಬ ಪ್ರೋಗ್ರಾಮ್ ಎಲ್ಲ ಹೋಸ್ಟ್ ಕೀಗಳ ಫಿಂಗರ್‌ಪ್ರಿಂಟನ್ನು ಸಿಸ್ಟಮ್ ಲಾಗಿಗೆ ಬರೆಯುತ್ತದೆ, ಅದನ್ನು ಅವರ ಕನ್ಸೋಲಿನಲ್ಲೇ ತೆಗೆದು ನೋಡಬಹುದು. ಆಫೀಸಿನ ಸರ್ವರ್ ಆದರೆ ಅದನ್ನು ಇನ್‌ಸ್ಟಾಲ್ ಮಾಡಿದವರಿಗೆ ಫೋನ್ ಹಚ್ಚಿ ಓದಿಸಿದರೂ ಆಯಿತು.

2015ರ 6.8 ಆವೃತ್ತಿಯಿಂದ ಫಿಂಗರ್‌ಪ್ರಿಂಟ್ ಎಸ್‌ಎಚ್‌ಎ-256ರ 43 ಅಕ್ಷರಗಳಲ್ಲಿ ಕಾಣುತ್ತದೆ. ಅದಕ್ಕೂ ಹಿಂದೆ ಎಂಡಿ5ರ ಹದಿನಾರು ಜೋಡಿ ಅಕ್ಷರಗಳಿರುತ್ತಿದ್ದವು. ಮೊದಲ ನಾಲ್ಕು, ಕೊನೆಯ ನಾಲ್ಕು ಅಕ್ಷರ ನೋಡಿ ಸರಿ ಎನ್ನಬೇಡಿ, ತುದಿಯ ಕೆಲವು ಅಕ್ಷರ ಮಾತ್ರ ಹೊಂದುವಂಥ ಕೀಯನ್ನು ಹುಡುಕಿ ಸೃಷ್ಟಿಸುವುದು ಕಂಪ್ಯೂಟರಿಗೆ ಕಷ್ಟವಲ್ಲ. ಇದಕ್ಕೊಂದು ಸುಖದ ಉಪಾಯ 2019ರ 8.0 ಆವೃತ್ತಿಯಲ್ಲಿ ಬಂದಿದೆ, ಆದರೆ ಬಳಸುವವರು ಕಡಿಮೆ. ಯಸ್, ನೋ ಜೊತೆಗೆ ಮೂರನೆಯ ಉತ್ತರವಾಗಿ ಫಿಂಗರ್‌ಪ್ರಿಂಟನ್ನೇ ಅಂಟಿಸಬಹುದು. ಕನ್ಸೋಲಿನಿಂದ ಕಾಪಿ ಮಾಡಿ ಅಂಟಿಸಿದರೆ ಹೋಲಿಕೆಯನ್ನು ಪ್ರೋಗ್ರಾಮೇ ಮಾಡುತ್ತದೆ, ಕಣ್ಣಿಗೆ ಕೆಲಸವಿಲ್ಲ. ಇದರೆದುರು 2008ರಲ್ಲಿ ಬಂದ ಚಿತ್ರರೂಪದ ಫಿಂಗರ್‌ಪ್ರಿಂಟ್, ಆ ಚುಕ್ಕಿ-ಗೆರೆಗಳ ಚೌಕ, ನೋಡಲು ಚೆಂದ. ಎರಡು ವಾರ ಬಿಟ್ಟು ಅದನ್ನು ನೆನಪಿಟ್ಟುಕೊಂಡು ಗುರುತಿಸುವವರು ಯಾರಿದ್ದಾರೋ ಕಾಣೆ.

ಒಂದು ಮೋಸದ ಹೆಸರನ್ನೂ ಹೇಳಿಬಿಡುತ್ತೇನೆ: ಎಸ್‌ಎಸ್‌ಎಚ್-ಕೀಸ್ಕ್ಯಾನ್. ಸರ್ವರಿನ ಕೀ ತಂದು ನೋನ್-ಹೋಸ್ಟ್ಸ್ ಫೈಲಿಗೆ ಸೇರಿಸುವ ಈ ಕಮಾಂಡನ್ನು ಪೈಪ್‌ಲೈನುಗಳಲ್ಲಿ ಧಾರಾಳವಾಗಿ ಬಳಸುತ್ತಾರೆ. ಅದು ಕೀ ತರುವುದು ಅದೇ ನೆಟ್‌ವರ್ಕಿನ ಮೇಲೆ, ಅದೇ ಸಂಶಯದ ಯಂತ್ರದಿಂದ. ಪ್ರತಿ ಬಿಲ್ಡಿನಲ್ಲೂ ಹೊಸದಾಗಿ ಓಡಿಸಿದರೆ ಪರೀಕ್ಷೆಯನ್ನು ಪೂರ್ತಿ ಆಫ್ ಮಾಡಿದ್ದಕ್ಕೂ ಇದಕ್ಕೂ ವ್ಯತ್ಯಾಸವಿಲ್ಲ, ಸುರಕ್ಷತೆಯ ವೇಷ ಮಾತ್ರ ಹೆಚ್ಚುವರಿ. ಒಮ್ಮೆ ಓಡಿಸಿ, ಬಂದ ಕೀಯನ್ನು ಪರಿಶೀಲಿಸಿ, ಆಮೇಲೆ ಆ ಸಾಲನ್ನು ರೆಪೊಸಿಟರಿಯಲ್ಲೋ ಸೀಕ್ರೆಟ್ ಆಗಿಯೋ ಇಟ್ಟುಕೊಳ್ಳುವುದು ಸರಿಯಾದ ಬಳಕೆ.

2023ರ ಮಾರ್ಚ್ 24: ಗಿಟ್‌ಹಬ್ ಕೀ ಬದಲಾದ ದಿನ

ಯುಗಾದಿ ಕಳೆದು ಎರಡನೇ ದಿನ, ಶುಕ್ರವಾರ. ನಮ್ಮ ಸಮಯ ಬೆಳಗಿನ ಸುಮಾರು ಹತ್ತೂವರೆ, ಬೆಂಗಳೂರಿನ ಆಫೀಸುಗಳಲ್ಲಿ ಜನ ಗಿಟ್ ಪುಲ್ ಒತ್ತುವ ಹೊತ್ತು. ಕೋಡ್ ಇಡುವ ತಾಣ ಗಿಟ್‌ಹಬ್ ತನ್ನ ಆರ್‌ಎಸ್‌ಎ ಬಗೆಯ ಹೋಸ್ಟ್ ಕೀಯನ್ನು ಬದಲಿಸಿತು, ಏಕೆಂದರೆ ಅದರ ಖಾಸಗಿ ಅರ್ಧ ಒಂದು ಸಾರ್ವಜನಿಕ ರೆಪೊಸಿಟರಿಯಲ್ಲಿ ಸ್ವಲ್ಪ ಹೊತ್ತು ಕಾಣಿಸಿಕೊಂಡಿತ್ತು. ಹಳೆಯ ಆರ್‌ಎಸ್‌ಎ ಕೀ ಫೈಲಿನಲ್ಲಿದ್ದವರಿಗೆಲ್ಲ ಆ ದೊಡ್ಡಕ್ಷರದ ಎಚ್ಚರಿಕೆ ಬಂತು, ಎಷ್ಟೋ ಕಡೆ ಸ್ವಯಂಚಾಲಿತ ಬಿಲ್ಡುಗಳು ನಿಂತವು. ಬೇರೆ ಬಗೆಯ, ಅಂದರೆ ಇಡಿ25519 ಅಥವಾ ಇಸಿಡಿಎಸ್‌ಎ ಕೀ ಬಳಸುತ್ತಿದ್ದವರಿಗೆ ಏನೂ ಗೊತ್ತಾಗಲಿಲ್ಲ.

ಈ ಘಟನೆಯನ್ನು ಇಲ್ಲಿ ಎತ್ತಿದ್ದು ಎಲ್ಲ ದಾರಿಗಳನ್ನೂ ಒಮ್ಮೆಗೇ ತೂಗಲು ಇದಕ್ಕಿಂತ ಒಳ್ಳೆಯ ತಕ್ಕಡಿ ಸಿಗುವುದಿಲ್ಲವೆಂದು. ಕೀ ಸೋರಿದ್ದರಿಂದ ಹಳೆಯ ಸಂಭಾಷಣೆಗಳು ಬಯಲಾಗುವ ಭಯವಿರಲಿಲ್ಲ. ಹೋಸ್ಟ್ ಕೀ ಕೆಲಸ ಸಹಿ ಮಾತ್ರ, ಗೂಢಲಿಪಿಯ ಕೀ ಪ್ರತಿ ಸಂಪರ್ಕಕ್ಕೂ ಹೊಸದಾಗಿ ಹುಟ್ಟುತ್ತದೆ. ಭಯವಿದ್ದದ್ದು ಯಾರಾದರೂ ಗಿಟ್‌ಹಬ್‌ನ ವೇಷ ಹಾಕುವ ಬಗ್ಗೆ. ಮೊದಲ ನೋಟದಲ್ಲಿ ನಂಬಿದವರಿಗೆ ಎಚ್ಚರಿಕೆ ಬಂತು, ಸರಿ. ಹೊಸ ಕೀ ಅಸಲಿಯೇ ಎಂದು ಅವರು ತಿಳಿದದ್ದು ಹೇಗೆ? ಗಿಟ್‌ಹಬ್‌ನ ವೆಬ್‌ಸೈಟಿನಲ್ಲಿ ಪ್ರಕಟವಾದ ಫಿಂಗರ್‌ಪ್ರಿಂಟ್ ನೋಡಿ. ಅಂದರೆ ಎಸ್‌ಎಸ್‌ಎಚ್‌ನ ನಂಬಿಕೆಗೆ ಕೊನೆಗೆ ಆಸರೆ ಕೊಟ್ಟದ್ದು ಬ್ರೌಸರಿನ ಎಚ್‌ಟಿಟಿಪಿಎಸ್ ಸರ್ಟಿಫಿಕೇಟ್. ಕೀಗಳನ್ನು ಒಂದೇ ಕೇಂದ್ರದಿಂದ ಹಂಚುತ್ತಿದ್ದ ಕಂಪನಿಗಳಲ್ಲಿ ಒಬ್ಬರು ಪರಿಶೀಲಿಸಿ ಒಂದು ಸಾಲು ಬದಲಿಸಿದರೆ ಎಲ್ಲರ ಕೆಲಸವೂ ಮುಂದುವರಿಯುವಂತಿತ್ತು. ಪರೀಕ್ಷೆಯನ್ನೇ ಮುಚ್ಚಿಟ್ಟವರ ಬಿಲ್ಡ್ ಮಾತ್ರ ಅಡ್ಡಿಯಿಲ್ಲದೆ ಓಡಿತು, ಎದುರಿಗೆ ಗಿಟ್‌ಹಬ್ ಇದ್ದರೂ ಇಲ್ಲದಿದ್ದರೂ ಹಾಗೇ ಓಡುತ್ತಿತ್ತು.

ಕೇಂದ್ರದಿಂದ ಪಟ್ಟಿ ಹಂಚುವುದು

ಮಧ್ಯಮ ಗಾತ್ರದವರಿಗೆ ನಾನು ಮೊದಲು ಸೂಚಿಸುವುದು ಇದನ್ನೇ, ಬರಹಗಳಲ್ಲಿ ಅತಿ ಕಡಿಮೆ ಜಾಗ ಸಿಗುವುದೂ ಇದಕ್ಕೇ. ನೋನ್-ಹೋಸ್ಟ್ಸ್ ಫೈಲ್ ಬಳಕೆದಾರರ ಹೋಮಿನಲ್ಲಿ ಮಾತ್ರ ಇರುವುದಲ್ಲ, ಇಡೀ ಯಂತ್ರಕ್ಕೆ ಅನ್ವಯಿಸುವ ಒಂದು ಫೈಲ್ ಸಿಸ್ಟಮ್ ಕಡೆಯೂ ಇರುತ್ತದೆ. ಎಲ್ಲ ಸರ್ವರುಗಳ ಕೀಗಳನ್ನು ಒಂದು ಗಿಟ್ ರೆಪೊಸಿಟರಿಯಲ್ಲಿಟ್ಟು, ಆನ್ಸಿಬಲ್‌ನಂಥ ಸಾಧನದಿಂದ ಎಲ್ಲ ಲ್ಯಾಪ್‌ಟಾಪ್ ಮತ್ತು ಜಂಪ್ ಸರ್ವರುಗಳಿಗೆ ಹಂಚಿ, ಬಳಕೆದಾರರಿಗೆ 'ಯಸ್' ಸೆಟ್ಟಿಂಗ್ ಹಾಕಿಬಿಡಿ. ಯಾರಿಗೂ ಯಾವ ಪ್ರಶ್ನೆಯೂ ಬರುವುದಿಲ್ಲ. ಪ್ರಶ್ನೆ ಬಂದರೆ ಏನೋ ನಿಜವಾಗಿ ತಪ್ಪಿದೆ ಎಂದರ್ಥ. ಹೊಸ ತಂತ್ರ ಕಲಿಯಬೇಕಿಲ್ಲ, ಹೊಸ ಸರ್ವರ್ ಸಾಕಬೇಕಿಲ್ಲ, ಕೀ ಯಾವಾಗ ಯಾಕೆ ಬದಲಾಯಿತು ಎಂಬುದು ಕಮಿಟ್ ಇತಿಹಾಸದಲ್ಲೇ ಉಳಿಯುತ್ತದೆ.

ಬಳಕೆದಾರರ, ಯಂತ್ರಗಳ ಗುರುತನ್ನು ಒಂದೇ ಡೈರೆಕ್ಟರಿಯಲ್ಲಿಡುವ ಫ್ರೀಐಪಿಎ ಬಳಸುವ ಸಂಸ್ಥೆಗಳಿಗೆ ಇದು ಇನ್ನೂ ಸಲೀಸು. ಡೊಮೇನಿಗೆ ಸೇರಿದ ಯಂತ್ರದ ಹೋಸ್ಟ್ ಕೀ ಡೈರೆಕ್ಟರಿಗೆ ಸೇರುತ್ತದೆ, ಕ್ಲೈಂಟಿನಲ್ಲಿ ಓಡುವ ಎಸ್‌ಎಸ್‌ಎಸ್‌ಡಿ ಎಂಬ ಸೇವೆ ಅಲ್ಲಿಂದ ತೆಗೆದು ಎಸ್‌ಎಸ್‌ಎಚ್‌ಗೆ ಕೊಡುತ್ತದೆ. 2021ರ 8.5 ಆವೃತ್ತಿಯ ನೋನ್‌ಹೋಸ್ಟ್ಸ್‌ಕಮಾಂಡ್ ಸೆಟ್ಟಿಂಗಿನಿಂದ ಇಂಥದ್ದನ್ನು ನೀವೇ ಬರೆದುಕೊಳ್ಳಲೂಬಹುದು, ಕೀಗಳನ್ನು ಫೈಲಿನ ಬದಲು ಒಂದು ಪ್ರೋಗ್ರಾಮಿನಿಂದ ಕೇಳಿ ಪಡೆಯಬಹುದು. ಗೂಗಲ್ ಕ್ಲೌಡಿನಲ್ಲೂ ಇದೇ ಬಗೆಯ ಏರ್ಪಾಡಿದೆ: ಗೆಸ್ಟ್ ಆಟ್ರಿಬ್ಯೂಟ್ಸ್ ಆನ್ ಮಾಡಿದ್ದರೆ ಯಂತ್ರ ತನ್ನ ಹೋಸ್ಟ್ ಕೀಯನ್ನು ಅಲ್ಲಿ ಬರೆದಿಡುತ್ತದೆ, ಜಿಕ್ಲೌಡ್ ಕಮಾಂಡ್ ಅದನ್ನು ತಾನೇ ಎತ್ತಿಕೊಳ್ಳುತ್ತದೆ.

ದಿನಕ್ಕೆ ಹತ್ತಾರು ಯಂತ್ರ ಹುಟ್ಟಿ ಅಳಿಯುವಲ್ಲಿ ಮಾತ್ರ ಕೈಯಿಂದ ಸಾಕುವ ಪಟ್ಟಿ ಸದಾ ಹಿಂದೆ ಬೀಳುತ್ತದೆ. ಅಲ್ಲಿ ಇದು ಬೇಡ.

ಡಿಎನ್‌ಎಸ್‌ನಲ್ಲಿ ಫಿಂಗರ್‌ಪ್ರಿಂಟ್

ಕಾಗದದ ಮೇಲೆ ಅತಿ ಸುಂದರವಾಗಿ ಕಾಣುವ ದಾರಿ. ಹೆಸರಿಗೆ ಐಪಿ ವಿಳಾಸ ಹುಡುಕಿಕೊಡುವ ಡಿಎನ್‌ಎಸ್‌ನಲ್ಲಿ ಸರ್ವರಿನ ವಿಳಾಸ ಹೇಗೂ ಇದೆ, ಪಕ್ಕದಲ್ಲೇ ಎಸ್‌ಎಸ್‌ಎಚ್‌ಎಫ್‌ಪಿ ಎಂಬ ದಾಖಲೆಯಲ್ಲಿ ಫಿಂಗರ್‌ಪ್ರಿಂಟನ್ನೂ ಇಟ್ಟರೆ ಕ್ಲೈಂಟ್ ತಾನೇ ಹೋಲಿಸಿಕೊಳ್ಳುತ್ತದೆ. 2006ರಿಂದ ಇದಕ್ಕೆ ಅಧಿಕೃತ ಮಾನಕವಿದೆ. ಕೀಜೆನ್ ಕಮಾಂಡೇ ದಾಖಲೆಯ ಸಾಲುಗಳನ್ನು ಬರೆದುಕೊಡುತ್ತದೆ.

ಆದರೆ ಡಿಎನ್‌ಎಸ್ ಉತ್ತರವನ್ನೇ ದಾರಿಯಲ್ಲಿ ತಿದ್ದಬಹುದಾದ್ದರಿಂದ ಡಿಎನ್‌ಎಸ್‌ಸೆಕ್ (ಡಿಎನ್‌ಎಸ್ ದಾಖಲೆಗಳಿಗೆ ಸಹಿ ಹಾಕುವ ವ್ಯವಸ್ಥೆ) ಸಹಿ ಇಲ್ಲದೆ ಇದಕ್ಕೆ ಬೆಲೆಯಿಲ್ಲ. ಸಹಿ ಇಲ್ಲದ ದಾಖಲೆ ಹೊಂದಿದರೂ ಓಪನ್‌ಎಸ್‌ಎಸ್‌ಎಚ್ ಹಾಗೆಂದು ಒಂದು ಸಾಲು ತಿಳಿಸಿ ಮತ್ತೆ ಅದೇ ಪ್ರಶ್ನೆ ಕೇಳುತ್ತದೆ. ನಿಮ್ಮ ಡೊಮೇನಿಗೆ ಸಹಿ ಇರಬೇಕು, ಡಿಎನ್‌ಎಸ್ ಉತ್ತರ ತಂದುಕೊಡುವ ನಿಮ್ಮ ರಿಸಾಲ್ವರ್ ಅದನ್ನು ಪರಿಶೀಲಿಸಬೇಕು, ಆ ರಿಸಾಲ್ವರಿಗೂ ಲ್ಯಾಪ್‌ಟಾಪಿಗೂ ನಡುವಿನ ತುಂಡು ದಾರಿಯೂ ನಂಬುವಂತಿರಬೇಕು. ಕೊನೆಯದರಲ್ಲಿ ಜನ ಎಡವುತ್ತಾರೆ. ಲಿನಕ್ಸಿನ ಮೂಲ ಲೈಬ್ರರಿ ಗ್ಲಿಬ್‌ಸಿಯ 2020ರ 2.31 ಆವೃತ್ತಿಯಿಂದ ಈಚೆಗೆ ರಿಸಾಲ್ವ್ ಫೈಲಿನಲ್ಲಿ ಟ್ರಸ್ಟ್-ಎಡಿ ಎಂದು ಬರೆಯದಿದ್ದರೆ 'ಪರಿಶೀಲಿಸಿದೆ' ಎಂಬ ಗುರುತನ್ನು ಲೈಬ್ರರಿ ಅಳಿಸಿಹಾಕುತ್ತದೆ. ಎಲ್ಲ ಸರಿಯಾಗಿ ಮಾಡಿದ್ದೇನೆ, ಆದರೂ ಪ್ರಶ್ನೆ ಬರುತ್ತಿದೆ ಎನ್ನುವವರ ಕಾಯಿಲೆ ಎಷ್ಟೋ ಸಲ ಇದೇ. ಲ್ಯಾಪ್‌ಟಾಪಿನಲ್ಲೇ ಅನ್‌ಬೌಂಡ್‌ನಂಥ ರಿಸಾಲ್ವರ್ ಓಡಿಸಿ ಈ ಸಾಲು ಸೇರಿಸಿದರೆ ಸರಿಹೋಗುತ್ತದೆ. ಕಾಫಿ ಅಂಗಡಿಯ ವೈಫೈ ಕೊಟ್ಟ ರಿಸಾಲ್ವರನ್ನು ನಂಬಿ ಅದೇ ಸಾಲು ಸೇರಿಸಿದರೆ ಇಡೀ ಕಸರತ್ತು ವ್ಯರ್ಥ.

ಇನ್ನೊಂದು ಸಂಗತಿ. ಈ ಪರೀಕ್ಷೆಯನ್ನು ಆನ್ ಮಾಡುವ ವೆರಿಫೈ‌ಹೋಸ್ಟ್‌ಕೀಡಿಎನ್‌ಎಸ್ ಸೆಟ್ಟಿಂಗಿನಲ್ಲೇ ದೋಷವೊಂದು ಹತ್ತು ವರ್ಷ ಅಡಗಿತ್ತು. 2025ರ ಫೆಬ್ರುವರಿಯಲ್ಲಿ ಭದ್ರತಾ ಕಂಪನಿ ಕ್ವಾಲಿಸ್ ಬಯಲು ಮಾಡಿದ ಆ ದೋಷದಲ್ಲಿ, ಕ್ಲೈಂಟಿನ ಮೆಮೊರಿ ಮುಗಿಯುವಂತೆ ಮಾಡಿದರೆ ಪರೀಕ್ಷೆ ಸೋಲುವ ಬದಲು ಗೆದ್ದಂತೆ ಆಗುತ್ತಿತ್ತು. ಎಸ್‌ಎಸ್‌ಎಚ್‌ಎಫ್‌ಪಿ ದಾಖಲೆ ಇರಲೇಬೇಕೆಂದೂ ಇರಲಿಲ್ಲ. 6.8ರಿಂದ 9.9ರ ಮೊದಲ ಪ್ಯಾಚಿನವರೆಗಿನ ಆವೃತ್ತಿಗಳೆಲ್ಲ ಇದಕ್ಕೆ ಸಿಕ್ಕಿದ್ದವು. ಸೆಟ್ಟಿಂಗ್ ಸಾಮಾನ್ಯವಾಗಿ ಆಫ್ ಇರುವುದರಿಂದ ಬಹಳ ಜನ ಪಾರಾದರು, ಫ್ರೀಬಿಎಸ್‌ಡಿಯಲ್ಲಿ ಮಾತ್ರ 2013ರಿಂದ 2023ರವರೆಗೆ ಅದು ಮೂಲದಲ್ಲೇ ಆನ್ ಇತ್ತು. ಒಂದು ದೋಷ ಕಂಡಿತೆಂದು ದಾರಿಯನ್ನೇ ತಳ್ಳಿಹಾಕುವುದು ಸರಿಯಲ್ಲ, 9.9ರ ಎರಡನೇ ಪ್ಯಾಚಿನಲ್ಲಿ ಅದು ಹೋಗಿದೆ. ಆದರೆ ಕಡಿಮೆ ಜನ ನಡೆಯುವ ದಾರಿಯಲ್ಲಿ ಗುಂಡಿಗಳು ತಡವಾಗಿ ಕಾಣುತ್ತವೆ. ಡಿಎನ್‌ಎಸ್‌ಸೆಕ್ ಈಗಾಗಲೇ ಚೆನ್ನಾಗಿ ನಡೆಸುತ್ತಿರುವವರು, ಅಪರಿಚಿತರೂ ಬಂದು ಸೇರುವ ಸರ್ವರ್ ಇರುವವರು ಇದನ್ನು ಹೆಚ್ಚುವರಿಯಾಗಿ ಇಟ್ಟುಕೊಳ್ಳಲಿ. ಇದೊಂದಕ್ಕಾಗಿ ಡಿಎನ್‌ಎಸ್‌ಸೆಕ್ ಕಲಿಯಲು ಹೊರಡಬೇಡಿ.

ಹೋಸ್ಟ್ ಸರ್ಟಿಫಿಕೇಟ್

2010ರ 5.4 ಆವೃತ್ತಿಯಿಂದ ಓಪನ್‌ಎಸ್‌ಎಸ್‌ಎಚ್ ತನ್ನದೇ ಬಗೆಯ ಸರ್ಟಿಫಿಕೇಟುಗಳನ್ನು ಅರಿಯುತ್ತದೆ. ಊರಿಗೆ ಬಂದ ಹೊಸಬನನ್ನು ಗೊತ್ತಿರುವ ಹಿರಿಯರೊಬ್ಬರು 'ನಮ್ಮವನೇ' ಎಂದು ಕರೆತಂದ ಹಾಗೆ, ಪ್ರತಿ ಸರ್ವರಿನ ಕೀಗೂ ನಿಮ್ಮ ಸಂಸ್ಥೆಯ ಸಿಎ (ಸರ್ಟಿಫಿಕೇಟ್ ಅಥಾರಿಟಿ) ಕೀಯೊಂದು ಸಹಿ ಹಾಕುತ್ತದೆ. ಬಳಕೆದಾರರ ಫೈಲಿನಲ್ಲಿ ಇರಬೇಕಾದದ್ದು ಒಂದೇ ಸಾಲು: ಇಂಥ ಡೊಮೇನಿನ ಸರ್ವರುಗಳಿಗೆ ಈ ಸಿಎ ಹೇಳಿದ್ದು ನಂಬು. ನಾಳೆ ಐನೂರು ಯಂತ್ರ ಎಬ್ಬಿಸಿದರೂ ಆ ಸಾಲು ಬದಲಾಗುವುದಿಲ್ಲ, ಯಾರಿಗೂ ಪ್ರಶ್ನೆ ಬರುವುದಿಲ್ಲ. ಸರ್ವರಿಗೆ ಹೊಸ ಕೀ ಹಾಕಿ ಮತ್ತೆ ಸಹಿ ಮಾಡಿಸಿದರೂ ಬಳಕೆದಾರರಿಗೆ ಗೊತ್ತೇ ಆಗುವುದಿಲ್ಲ.

ವೆಬ್ ಸರ್ಟಿಫಿಕೇಟುಗಳ ಗೋಜಲು ಇಲ್ಲಿಲ್ಲ. ಸಿಎ ಮೇಲೆ ಸಿಎ ಎಂಬ ಸರಪಳಿ ಇಲ್ಲ, ಒಂದೇ ಹಂತ. ಹೊರಗಿನ ಕಂಪನಿಗೆ ಹಣ ಕೊಡಬೇಕಿಲ್ಲ, ಸಿಎ ಎಂದರೆ ಕೀಜೆನ್‌ನಿಂದ ಹುಟ್ಟಿಸಿದ ಇನ್ನೊಂದು ಕೀ ಜೋಡಿ ಅಷ್ಟೇ. ಸಹಿ ಹಾಕುವಾಗ ಮೂರು ವಿಷಯ ಮರೆಯಬಾರದು: ಇದು ಹೋಸ್ಟ್ ಸರ್ಟಿಫಿಕೇಟ್ ಎಂಬ ಗುರುತು, ಯಾವ ಯಾವ ಹೆಸರಿಗೆ ಸಲ್ಲುತ್ತದೆ ಎಂಬ ಪಟ್ಟಿ, ಅವಧಿ. ಪಟ್ಟಿಯಲ್ಲಿ ಪೂರ್ಣ ಹೆಸರು ಮಾತ್ರ ಇದ್ದು ನೀವು ಐಪಿ ವಿಳಾಸದಿಂದ ಹೋದರೆ ಹೊಂದುವುದಿಲ್ಲ. ಮೊದಲ ವಾರದ ದೂರುಗಳಲ್ಲಿ ಅರ್ಧ ಇವೇ ಆಗಿರುತ್ತವೆ.

ಅವಧಿಯ ವಿಷಯ ಸ್ವಲ್ಪ ನಿಧಾನವಾಗಿ ನೋಡಬೇಕು. ಅವಧಿ ಮೀರಿದ ಸರ್ಟಿಫಿಕೇಟ್ ಕಂಡಾಗ ಓಪನ್‌ಎಸ್‌ಎಸ್‌ಎಚ್ ಬಾಗಿಲು ಹಾಕಿಕೊಳ್ಳುವುದಿಲ್ಲ. ಸರ್ಟಿಫಿಕೇಟ್ ಬಿಟ್ಟು ಬರಿಯ ಕೀಯನ್ನು ಪರೀಕ್ಷಿಸಲು ಹಿಂತಿರುಗುತ್ತದೆ. ಆ ಕೀ ಯಾರ ಫೈಲಿನಲ್ಲೂ ಇಲ್ಲದ್ದರಿಂದ ಮತ್ತೆ ಅದೇ ಹಳೆಯ ಪ್ರಶ್ನೆ, ಮತ್ತೆ ಅದೇ ಯಸ್. ನವೀಕರಣ ಒಂದು ವಾರ ತಪ್ಪಿದರೆ ಇಡೀ ಸಂಸ್ಥೆ ಸದ್ದಿಲ್ಲದೆ ಮೊದಲ ನೋಟದ ನಂಬಿಕೆಗೆ ಜಾರಿರುತ್ತದೆ, ಬಹುತೇಕರಿಗೆ ಅರಿವೂ ಇರುವುದಿಲ್ಲ. ಆದ್ದರಿಂದ ಸರ್ಟಿಫಿಕೇಟ್ ಜೊತೆಗೆ 'ಯಸ್' ಸೆಟ್ಟಿಂಗ್ ಕಡ್ಡಾಯ, ನವೀಕರಣ ಯಂತ್ರದ ಕೈಯಲ್ಲೇ ಇರಬೇಕು. ಸ್ಮಾಲ್‌ಸ್ಟೆಪ್, ಹ್ಯಾಶಿಕಾರ್ಪ್ ವಾಲ್ಟ್, ಟೆಲಿಪೋರ್ಟ್ ಇವು ಆ ಕೆಲಸ ಮಾಡುತ್ತವೆ, ಸಾಕುವ ಹೊರೆಯೂ ಅವುಗಳ ಜೊತೆಗೇ ಬರುತ್ತದೆ.

ಗಿಟ್‌ಹಬ್ ತಕ್ಕಡಿಯಲ್ಲಿ ಇದನ್ನಿಡಿ. ಹೋಸ್ಟ್ ಕೀ ಸೋರಿದರೆ ಹೊಸ ಕೀ ಹಾಕುವುದು ಸುಲಭ, ಯಾರೂ ಕೂಗಾಡುವುದಿಲ್ಲ. ಆದರೆ ಕದ್ದವನ ಬಳಿ ಹಳೆಯ ಕೀ ಮತ್ತು ಅದರ ಸರ್ಟಿಫಿಕೇಟ್ ಎರಡೂ ಇವೆ, ಅವಧಿ ಮುಗಿಯುವವರೆಗೆ ಅದು ಸಲ್ಲುತ್ತದೆ. ರದ್ದುಪಟ್ಟಿಯನ್ನು ಎಲ್ಲ ಕ್ಲೈಂಟುಗಳಿಗೂ ತಲುಪಿಸಬೇಕು, ಇಲ್ಲವೇ ಅವಧಿಯನ್ನೇ ಕೆಲವು ದಿನಗಳಿಗೆ ಇಳಿಸಿರಬೇಕು. ಐದು ವರ್ಷದ ಹೋಸ್ಟ್ ಸರ್ಟಿಫಿಕೇಟ್ ಕೊಟ್ಟು ನಿಶ್ಚಿಂತೆಯಾಗಿರುವವರು ಈ ಲೆಕ್ಕ ಹಾಕಿರುವುದಿಲ್ಲ. ಸಿಎ ಕೀಯೇ ಸೋರಿದರೆ ಏನು ಎಂಬುದನ್ನು ಬೇರೆ ಹೇಳಬೇಕಿಲ್ಲ.

ಮತ್ತೊಂದು: ಹೊಸ ಯಂತ್ರ ಎದ್ದಾಗ ಅದರ ಕೀಗೆ ಸಹಿ ಹಾಕುವ ಸೇವೆ, 'ನಾನು ಇಂಥವನು' ಎಂದು ಕೇಳಿಕೊಂಡು ಬಂದದ್ದು ನಿಜವಾಗಿ ನಿಮ್ಮ ಯಂತ್ರವೇ ಎಂದು ಹೇಗೆ ತಿಳಿಯುತ್ತದೆ? ಕ್ಲೌಡಿನಲ್ಲಿ ಯಂತ್ರಕ್ಕೆ ಸಿಗುವ ಗುರುತಿನ ದಾಖಲೆ ಇದಕ್ಕೆ ನೆರವಾಗುತ್ತದೆ. ಸ್ವಂತ ಸರ್ವರ್ ಕೋಣೆಯಲ್ಲಿ ಇನ್‌ಸ್ಟಾಲ್ ಮಾಡುವವರೇ ಸಹಿ ಹಾಕಿಸುವುದು ವಾಸಿ. ಮೊದಲ ಪರಿಚಯದ ಪ್ರಶ್ನೆ ಬಳಕೆದಾರರ ಕಡೆಯಿಂದ ನಿಮ್ಮ ಕಡೆಗೆ ಸರಿಯಿತು, ಮಾಯವಾಗಲಿಲ್ಲ. ಸಾವಿರ ಜನ ಉತ್ತರಿಸಬೇಕಾದದ್ದನ್ನು ಒಂದು ಕಡೆ ಒಮ್ಮೆ ಸರಿಯಾಗಿ ಉತ್ತರಿಸಬಹುದು, ಲಾಭವಿರುವುದು ಅಲ್ಲಿ. ಪುಟ್ಟಿ ಬಳಸುವವರು ತಂಡದಲ್ಲಿದ್ದರೆ 2022ರ 0.78 ಅಥವಾ ಅದಕ್ಕೂ ಈಚಿನ ಆವೃತ್ತಿ ಇರಲಿ, ಹಳೆಯವಕ್ಕೆ ಸರ್ಟಿಫಿಕೇಟ್ ಗೊತ್ತಿಲ್ಲ.

ಕರ್ಬರಾಸ್, ಮತ್ತು ಉಳಿದವರು

ಬಳಕೆದಾರರ, ಸರ್ವರುಗಳ ಗುರುತನ್ನು ಕೇಂದ್ರದಿಂದ ಸಾಬೀತು ಮಾಡುವ ಕರ್ಬರಾಸ್ ವ್ಯವಸ್ಥೆ ಈಗಾಗಲೇ ನಡೆಯುತ್ತಿರುವ ವಿಶ್ವವಿದ್ಯಾಲಯ ಅಥವಾ ದೊಡ್ಡ ಸಂಸ್ಥೆಯಲ್ಲಿ ಹೋಸ್ಟ್ ಕೀ ಗೋಜೇ ಇಲ್ಲದಂತೆ ಮಾಡಬಹುದು, ಜಿಎಸ್‌ಎಸ್‌ಎಪಿಐ ಮೂಲಕ ಕೀ ವಿನಿಮಯದಲ್ಲಿ ಸರ್ವರಿನ ಗುರುತನ್ನು ಕರ್ಬರಾಸೇ ಸಾಬೀತು ಮಾಡುತ್ತದೆ. ಇದು ಓಪನ್‌ಎಸ್‌ಎಸ್‌ಎಚ್‌ನ ಮೂಲ ಕೋಡಿನಲ್ಲಿಲ್ಲ, ಡೆಬಿಯನ್ ಮತ್ತು ರೆಡ್ ಹ್ಯಾಟ್ ಪ್ಯಾಚ್ ಆಗಿ ಸೇರಿಸಿ ಕೊಡುತ್ತವೆ. ಇಲ್ಲದವರು ಇದಕ್ಕಾಗಿ ಕರ್ಬರಾಸ್ ಕಟ್ಟುವುದು ಬೇಡ.

ಮೋಶ್, ಎಸ್‌ಎಫ್‌ಟಿಪಿ, ಆರ್‌ಸಿಂಕ್, ಎಸ್‌ಎಸ್‌ಎಚ್ ಮೇಲಿನ ಗಿಟ್, ಎಡಿಟರುಗಳ ರಿಮೋಟ್ ಸೌಲಭ್ಯ ಇವೆಲ್ಲ ಎಸ್‌ಎಸ್‌ಎಚ್ ಪರೀಕ್ಷೆಯನ್ನೇ ಬಳಸಿಕೊಳ್ಳುವುದರಿಂದ ಮೇಲಿನದೆಲ್ಲ ಅವಕ್ಕೂ ಸಲ್ಲುತ್ತದೆ. ವಿಂಡೋಸಿನ ರಿಮೋಟ್ ಡೆಸ್ಕ್‌ಟಾಪ್ ಬೇರೆ ಜಾತಿ. ಅದು ಟಿಎಲ್‌ಎಸ್ ಸರ್ಟಿಫಿಕೇಟ್ ಬಳಸುತ್ತದೆ, ಮೂಲದಲ್ಲಿ ಅದು ಯಂತ್ರ ತಾನೇ ಸಹಿ ಮಾಡಿಕೊಂಡದ್ದು. ಆ ಹಳದಿ ಎಚ್ಚರಿಕೆಯ ಪೆಟ್ಟಿಗೆ ಎಸ್‌ಎಸ್‌ಎಚ್‌ನ ಯಸ್-ನೋ ಪ್ರಶ್ನೆಯ ತಮ್ಮ. ಆ್ಯಕ್ಟಿವ್ ಡೈರೆಕ್ಟರಿ ಇರುವಲ್ಲಿ ಒಳಗಿನ ಸಿಎಯಿಂದ ಸರ್ಟಿಫಿಕೇಟ್ ಹಂಚಿದರೆ ಮುಗಿಯಿತು. ದೂರದ ಯಂತ್ರದ ಪರದೆ ತೋರಿಸುವ ವಿಎನ್‌ಸಿಯ ಮೂಲ ಪ್ರೋಟೊಕಾಲಿನಲ್ಲಿ ಸರ್ವರಿನ ಗುರುತೇ ಇಲ್ಲ, ಅದನ್ನು ಎಸ್‌ಎಸ್‌ಎಚ್ ಸುರಂಗದೊಳಗೇ ಓಡಿಸಿ.

ಹಾಗಾದರೆ ನಿಮಗೆ ಯಾವುದು

ಒಂದೆರಡು ವಿಪಿಎಸ್ ಇರುವವರು ಕನ್ಸೋಲಿನಿಂದ ಫಿಂಗರ್‌ಪ್ರಿಂಟ್ ತಂದು ಮೊದಲ ಸಲ ಅಂಟಿಸಿ, ನೋನ್-ಹೋಸ್ಟ್ಸ್ ಫೈಲನ್ನು ಬ್ಯಾಕಪ್ಪಿಗೆ ಸೇರಿಸಿ. ಹೊಸ ಲ್ಯಾಪ್‌ಟಾಪಿಗೆ ಹೋಗುವಾಗ ಖಾಸಗಿ ಕೀ ಒಯ್ಯುವ ಜನ ಈ ಫೈಲನ್ನು ಹಿಂದೆ ಬಿಟ್ಟು, ಎಲ್ಲ ಪರಿಚಯಗಳನ್ನೂ ಮೊದಲಿನಿಂದ ಶುರು ಮಾಡುತ್ತಾರೆ. ಕಾಲೇಜು ಲ್ಯಾಬಿನಂತೆ ಯಂತ್ರಗಳನ್ನು ಒಂದೇ ಇಮೇಜಿನಿಂದ ಕ್ಲೋನ್ ಮಾಡುವಲ್ಲಿ ಮೊದಲು ನೋಡಬೇಕಾದದ್ದು ಎಲ್ಲದರಲ್ಲೂ ಒಂದೇ ಹೋಸ್ಟ್ ಕೀ ಕೂತಿಲ್ಲವೇ ಎಂದು. ಇದ್ದರೆ ಒಂದು ಯಂತ್ರದ ರೂಟ್ ಸಿಕ್ಕವನು ಎಲ್ಲ ಯಂತ್ರಗಳ ವೇಷವನ್ನೂ ಹಾಕಬಲ್ಲ. ಇಮೇಜಿನಿಂದ ಕೀಗಳನ್ನು ಅಳಿಸಿ ಮೊದಲ ಬೂಟಿನಲ್ಲಿ ಹುಟ್ಟುವಂತೆ ಮಾಡಿ.

ವರ್ಷಗಟ್ಟಲೆ ಬದಲಾಗದ ಇಪ್ಪತ್ತು, ಐವತ್ತು ಸರ್ವರುಗಳಿರುವ ಆಫೀಸಿಗೆ ಕೇಂದ್ರದ ಪಟ್ಟಿ. ಇಲ್ಲಿ ಸರ್ಟಿಫಿಕೇಟ್ ಹಾಕಿದರೂ ತಪ್ಪಿಲ್ಲ, ಆದರೆ ಅದನ್ನು ನೋಡಿಕೊಳ್ಳುವ ಒಬ್ಬರೇ ಒಬ್ಬರು ಕೆಲಸ ಬಿಟ್ಟು ಹೋದ ಮೇಲೆ ಅವಧಿ ಮುಗಿಯುವ ದಿನ ಯಾರಿಗೂ ನೆನಪಿರುವುದಿಲ್ಲ; ಪಟ್ಟಿ ಹಾಗೆ ತಾನಾಗಿ ಹಳಸುವುದಿಲ್ಲ. ಸರ್ವರುಗಳು ಗಂಟೆಗಟ್ಟಲೆ ಮಾತ್ರ ಬದುಕುವ ಕ್ಲೌಡ್ ತಂಡಕ್ಕೆ ಸರ್ಟಿಫಿಕೇಟ್ ಬಿಟ್ಟು ಬೇರೆ ಮಾತಿಲ್ಲ. ಅದನ್ನು ಮಾಡಲು ಮನಸ್ಸಿಲ್ಲದವರು ಕೊನೆಗೆ ಡೆವ್-ನಲ್‌ಗೆ ಬಂದು ನಿಲ್ಲುತ್ತಾರೆ.

ಗಿಟ್‌ಹಬ್, ಗಿಟ್‌ಲ್ಯಾಬ್‌ನಂಥ ಹೊರಗಿನ ಸೇವೆಗಳಿಗೆ ಆಯ್ಕೆ ನಿಮ್ಮ ಕೈಯಲ್ಲಿಲ್ಲ, ಅವರು ಕೊಡುವುದು ಬರಿಯ ಕೀ. ಅವರ ವೆಬ್‌ಸೈಟಿನಲ್ಲಿ ಪ್ರಕಟವಾದ ಕೀಗಳನ್ನು ಎತ್ತಿ ಸಿಐ ರನ್ನರಿನ ಇಮೇಜಿನಲ್ಲೇ ಇಡಿ, ಗಿಟ್‌ಹಬ್ ಇವನ್ನು ತನ್ನ ಮೆಟಾ ಎಪಿಐಯಲ್ಲೂ ಎಚ್‌ಟಿಟಿಪಿಎಸ್ ಮೇಲೆ ಕೊಡುತ್ತದೆ. ಸೆಟ್ಟಿಂಗ್ 'ಯಸ್' ಇರಲಿ. ಮುಂದೊಮ್ಮೆ ಕೀ ಬದಲಾದರೆ ಬಿಲ್ಡ್ ಕೆಂಪಾಗುತ್ತದೆ, ಒಬ್ಬರು ಹೋಗಿ ಪ್ರಕಟಣೆ ಓದಿ ಹೊಸ ಸಾಲು ಕಮಿಟ್ ಮಾಡಬೇಕಾಗುತ್ತದೆ. ಹತ್ತು ನಿಮಿಷದ ಕೆಲಸ.